ಸಣ್ಣ ಕಾರಿನ ಬ್ಯಾಟರಿಯೂ ಅದನ್ನು ಬಲ್ಲ ಕೈಯೂ

ಬೆಂಗಳೂರಿನ ಹವೆ ಕಾರಿನ ಬ್ಯಾಟರಿಗೆ ಒಗ್ಗುವಂಥದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲೂ ಸಾಮಾನ್ಯವಾಗಿ 34 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಹೊತ್ತಿಗೆ ಕಲಬುರಗಿ, ರಾಯಚೂರುಗಳಲ್ಲಿ 40 ದಾಟಿರುತ್ತದೆ. ಸೀಸ ಮತ್ತು ಆಮ್ಲದ ಬ್ಯಾಟರಿಗೆ ಬಿಸಿ ಒಗ್ಗುವುದಿಲ್ಲ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದಾಗಲೂ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬ್ಯಾಟರಿ ಬಲ್ಲವರು ಬಳಸುವ ಅಂದಾಜು. ಈ ಲೆಕ್ಕದಲ್ಲಿ ಬೆಂಗಳೂರಿನ ಸಣ್ಣ ಕಾರಿನ ಬ್ಯಾಟರಿ ನಾಲ್ಕೈದು ವರ್ಷ ಬಾಳಬೇಕು. ಬಾಳುವುದೂ ಉಂಟು. ಆದರೆ ಯಲಹಂಕದಿಂದ ಯಶವಂತಪುರದವರೆಗೆ ಯಾವ ಬ್ಯಾಟರಿ ಅಂಗಡಿಯ ಮುಂದೆ ನಿಂತರೂ, ಮೂರು ವರ್ಷ ತುಂಬುವ ಮೊದಲೇ “ಸೆಲ್ಫ್ ತಗೋತಿಲ್ಲ” ಎಂದು ಬರುವವರು ಕಾಣಸಿಗುತ್ತಾರೆ.

ಒಳ್ಳೆಯ ಬ್ಯಾಟರಿ ಕೆಲಸಗಾರ ಆಗ ಬಾನೆಟ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ: “ಗಾಡಿ ದಿನಾ ಎಷ್ಟು ಓಡುತ್ತೆ ಸಾರ್?” ಬ್ಯಾಟರಿಗೆ ಎಷ್ಟು ವರ್ಷ, ಯಾವ ಕಂಪನಿ ಎಂಬುದೆಲ್ಲ ಆಮೇಲೆ. ಆ ಮೊದಲ ಪ್ರಶ್ನೆಯಲ್ಲಿ ಅವನ ಅನುಭವವೆಲ್ಲ ಅಡಗಿದೆ. ಈ ಊರಿನಲ್ಲಿ ಬ್ಯಾಟರಿಯನ್ನು ಬಿಸಿಲಿಗಿಂತ ಹೆಚ್ಚಾಗಿ ಕೊಲ್ಲುವುದು ಅರೆಬರೆ ಚಾರ್ಜು ಎಂದು ಅವನಿಗೆ ಗೊತ್ತು. ಬ್ಯಾಟರಿ ಮಾರುವ ಅಂಗಡಿಗಳು ಬೇಕಾದಷ್ಟಿವೆ. ಬ್ಯಾಟರಿಯನ್ನು ನೋಡಿ, ಅಳೆದು, ಇನ್ನೂ ಬದುಕುತ್ತದೆಯೇ ಇಲ್ಲವೇ ಎಂದು ಹೇಳಬಲ್ಲವರು ಬೇರೆ. ಈ ಲೇಖನ ಅವರ ವಿದ್ಯೆಯನ್ನು ಕುರಿತದ್ದು.

ಮೊದಲು ಪೆಟ್ಟಿಗೆಯ ಒಳಗೇನಿದೆ ನೋಡೋಣ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ. ಒಳಗೆ ಆರು ಕೋಣೆಗಳು, ಅಂದರೆ ಆರು ಸೆಲ್‌ಗಳು. ಪ್ರತಿ ಸೆಲ್‌ನಲ್ಲೂ ತೆಳ್ಳನೆಯ ಸೀಸದ ಪ್ಲೇಟುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಪಾಸಿಟಿವ್ ಪ್ಲೇಟಿಗೆ ಸೀಸದ ಡೈಆಕ್ಸೈಡ್ ಮೆತ್ತಿದ್ದರೆ, ನೆಗೆಟಿವ್ ಪ್ಲೇಟಿನಲ್ಲಿ ಸಣ್ಣಸಣ್ಣ ರಂಧ್ರಗಳ ಶುದ್ಧ ಸೀಸವಿರುತ್ತದೆ. ಎರಡಕ್ಕೂ ನಡುವೆ ನೀರು ಬೆರೆಸಿದ ಗಂಧಕಾಮ್ಲ. ಬ್ಯಾಟರಿ ವಿದ್ಯುತ್ ಕೊಡುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಆಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಕರಗಿ, ಆಮ್ಲ ಮತ್ತೆ ಗಟ್ಟಿಯಾಗುತ್ತದೆ.

ಫ್ರಾನ್ಸಿನ ಗಾಸ್ಟೋ ಪ್ಲಾಂಟೆ ಇದನ್ನು ಕಂಡುಹಿಡಿದದ್ದು 1859ರಲ್ಲಿ. 1881ರಲ್ಲಿ ಕಮೀಲ್ ಫೋರ್ ಎಂಬಾತ ಪ್ಲೇಟಿಗೆ ಸೀಸದ ಲೇಪ ಮೆತ್ತುವ ವಿಧಾನ ತಂದ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಅಂದಿನಿಂದ ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಬ್ಯಾಟರಿ ಕಾರಿನ ಕಾಯಂ ಅಂಗವಾಯಿತು. ನೂರು ವರ್ಷ ಕಳೆದರೂ ಒಳಗಿನ ರಸಾಯನ ಅದೇ. ಹಾಗಾಗಿ ಇದನ್ನು ಬಲ್ಲವನ ವಿದ್ಯೆಯೂ ಹಳತಾಗಿಲ್ಲ.

ಈಗ ಅವನ ಪರೀಕ್ಷೆಯ ಕ್ರಮ. ಮೊದಲ ಕೆಲಸ ಕಣ್ಣಿನದು. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ಪೆಟ್ಟಿಗೆಯ ಪಕ್ಕ ಉಬ್ಬಿದೆಯೇ, ಮೇಲೆಲ್ಲ ಆಮ್ಲದ ಪಸೆ ಇದೆಯೇ, ಹಿಡಿದಿಡುವ ಕ್ಲಾಂಪ್ ಬಿಗಿಯಾಗಿದೆಯೇ? ಉಬ್ಬಿದ ಪೆಟ್ಟಿಗೆ ಹೆಚ್ಚು ಬಿಸಿ ಉಂಡದ್ದನ್ನು ಹೇಳುತ್ತದೆ. ಸಡಿಲ ಕ್ಲಾಂಪ್ ಎಂದರೆ ರಸ್ತೆಯ ಪ್ರತಿ ಗುಂಡಿಯೂ ಪ್ಲೇಟಿನ ಲೇಪವನ್ನು ಉದುರಿಸಿದೆ ಎಂದರ್ಥ. ಆಮೇಲೆ ಮೂಗು: ಕೊಳೆತ ಮೊಟ್ಟೆಯ ವಾಸನೆ ಬಂದರೆ ವಿಪರೀತ ಚಾರ್ಜ್ ಆಗಿದೆ. ಆಮೇಲೆ ಕೈ: ಟರ್ಮಿನಲ್ಲನ್ನು ಹಿಡಿದು ಅಲ್ಲಾಡಿಸುತ್ತಾನೆ. “ಬ್ಯಾಟರಿ ಡೆಡ್” ಎಂದು ಬಂದ ಗಾಡಿ ಅಲ್ಲೇ, ಆ ನಟ್ಟು ಬಿಗಿ ಮಾಡಿದ ಕೂಡಲೇ, ಸ್ಟಾರ್ಟ್ ಆಗಿ ಹೊರಟುಹೋಗುವುದು ಅಪರೂಪವಲ್ಲ.

ನಂತರ ಮಲ್ಟಿಮೀಟರ್. ಗಾಡಿ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಅಳೆದರೆ ಮಾತ್ರ ಈ ಅಳತೆಗೆ ಬೆಲೆ. ಆಗ 12.5 ವೋಲ್ಟಿನ ಮೇಲಿದ್ದರೆ ಚೆನ್ನಾಗಿದೆ, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಅಪಾಯ. ಈ ಅರ್ಧ ವೋಲ್ಟಿನ ಒಳಗೇ ಬ್ಯಾಟರಿಯ ಸ್ಥಿತಿಯೆಲ್ಲ ತೂಗುತ್ತದೆ. ಅಷ್ಟು ಸೂಕ್ಷ್ಮವಾಗಿ ಮೀಟರ್ ಓದುವ ಅಭ್ಯಾಸವೇ ಇಲ್ಲಿ ಮುಖ್ಯ.

ಮುಚ್ಚಳ ಬಿಚ್ಚಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಹೊರಬರುತ್ತದೆ. ರಬ್ಬರ್ ಬುಗ್ಗೆಯಿರುವ ಗಾಜಿನ ನಳಿಗೆ, ಒಳಗೆ ತೇಲುವ ಗುರುತುಕಡ್ಡಿ. ಬುಗ್ಗೆ ಒತ್ತಿ ಬಿಟ್ಟು ಆಮ್ಲವನ್ನು ಮೇಲೆಳೆದು, ನಳಿಗೆಯನ್ನು ನೆಟ್ಟಗೆ ಹಿಡಿದು, ಕಡ್ಡಿ ಅಂಚಿಗೆ ತಾಗದೆ ತೇಲುವಂತೆ ನೋಡಿಕೊಂಡು ಆಮ್ಲದ ಸಾಂದ್ರತೆಯ ಅಂಕಿ ಓದಬೇಕು. ಆಮ್ಲ ಗಟ್ಟಿಯಿದ್ದಷ್ಟೂ ಕಡ್ಡಿ ಮೇಲೆ ತೇಲುತ್ತದೆ. ನಮ್ಮಂಥ ಬಿಸಿ ನಾಡಿಗೆಂದು ಮಾಡಿದ ಬ್ಯಾಟರಿಯಲ್ಲಿ ಪೂರ್ತಿ ಚಾರ್ಜಿನ ಅಂಕಿ ಸುಮಾರು 1.240ರಿಂದ 1.260. ಚಳಿಯ ದೇಶಗಳಲ್ಲಿ 1.280ರವರೆಗೂ ಇಡುತ್ತಾರೆ. ಇಲ್ಲಿ ಅಷ್ಟು ಗಟ್ಟಿ ಆಮ್ಲವಿಟ್ಟರೆ ಬಿಸಿಗೆ ಪ್ಲೇಟು ಬೇಗ ಸವೆಯುತ್ತದೆ. 1.200ರ ಕೆಳಗೆ ಬಂದರೆ ಅರ್ಧ ಖಾಲಿ.

ಒಂದು ಚೆಂದದ ಲೆಕ್ಕವಿದೆ. ಈ ಅಂಕಿಗೆ 0.84 ಸೇರಿಸಿದರೆ ಒಂದು ಸೆಲ್‌ನ ವೋಲ್ಟ್ ಸಿಗುತ್ತದೆ. 1.250ಕ್ಕೆ ಸೇರಿಸಿದರೆ 2.09; ಆರರಿಂದ ಗುಣಿಸಿದರೆ 12.54. ಮಲ್ಟಿಮೀಟರ್ ಹೇಳಿದ್ದನ್ನೇ ಹೈಡ್ರೋಮೀಟರ್ ಬೇರೆ ದಾರಿಯಿಂದ ಬಂದು ಹೇಳುತ್ತದೆ. ಎರಡೂ ಒಪ್ಪದಿದ್ದರೆ ಏನೋ ಕೆಟ್ಟಿದೆ ಎಂದು ಅವನು ತಿಳಿಯುತ್ತಾನೆ. ಆರೂ ಸೆಲ್‌ಗಳ ಅಂಕಿಯನ್ನು ಒಂದರ ಪಕ್ಕ ಒಂದು ಬರೆದುಕೊಳ್ಳುವುದು ಅದಕ್ಕಾಗಿಯೇ. ಐದರಲ್ಲಿ 1.240 ಇದ್ದು ಒಂದರಲ್ಲಿ ಮಾತ್ರ 1.150 ಇದ್ದರೆ ಆ ಒಂದು ಸೆಲ್ ಹೋಗಿದೆ, ಇಡೀ ಬ್ಯಾಟರಿ ಬದಲಿಸಲೇಬೇಕು. ಆರರಲ್ಲೂ ಸಮಾನವಾಗಿ 1.180 ಇದ್ದರೆ ಮಾತು ಬೇರೆ. ಅದು ಸತ್ತ ಬ್ಯಾಟರಿಯಲ್ಲ, ಚಾರ್ಜ್ ಸಾಲದ ಬ್ಯಾಟರಿ. ಎರಡೂ ಗಾಡಿಗಳ ದೂರು ಒಂದೇ, ಸೆಲ್ಫ್ ತಗೋತಿಲ್ಲ. ಆದರೆ ಒಂದಕ್ಕೆ ಸಾವಿರಾರು ರೂಪಾಯಿ ಖರ್ಚು, ಇನ್ನೊಂದಕ್ಕೆ ಒಂದು ರಾತ್ರಿಯ ಚಾರ್ಜು ಸಾಕು. ಈ ಎರಡನ್ನು ಬೇರ್ಪಡಿಸಬಲ್ಲವನೇ ಬ್ಯಾಟರಿ ಬಲ್ಲವನು.

ಕೊನೆಯದಾಗಿ ಇಂಜಿನ್ ಸ್ಟಾರ್ಟ್ ಮಾಡಿಸುತ್ತಾನೆ. ಸ್ಟಾರ್ಟರ್ ತಿರುಗುವ ಕ್ಷಣ ವೋಲ್ಟ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯಲ್ಲಿ ಬಲವಿಲ್ಲ. ಇಂಜಿನ್ ಓಡುವಾಗ ಡೈನಮೋ, ಅಂದರೆ ಆಲ್ಟರ್ನೇಟರ್, ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಕೊಡಬೇಕು. ಕಡಿಮೆ ಕೊಟ್ಟರೆ ಬೆಲ್ಟ್ ಸಡಿಲವಿರಬಹುದು, ಬ್ಯಾಟರಿ ಎಂದೂ ತುಂಬುವುದಿಲ್ಲ. 15ರ ಹತ್ತಿರ ಹೋದರೆ ನೀರು ಕುದಿದು ಆರುತ್ತದೆ. ಡೈನಮೋ ನೋಡದೆ ಹೊಸ ಬ್ಯಾಟರಿ ಹಾಕುವುದು ರೋಗವನ್ನು ಒಳಗೇ ಬಿಟ್ಟಂತೆ. ಹೊಸದೂ ಅದೇ ದಾರಿ ಹಿಡಿಯುತ್ತದೆ.

ಇನ್ನು “ದಿನಾ ಎಷ್ಟು ಓಡುತ್ತೆ” ಎಂಬ ಆ ಪ್ರಶ್ನೆಗೆ ಬರೋಣ. ಒಂದು ಸಲ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಖಾಲಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಲೆಕ್ಕ ಬೇರೆ ಹೇಳುತ್ತದೆ. ಸ್ಟಾರ್ಟರ್ 150 ಆಂಪಿಯರ್ ಎಳೆದರೂ ಅದು ಒಂದೆರಡು ಸೆಕೆಂಡಿನ ಮಾತು. ಒಂದು ಸೆಕೆಂಡಿಗೆ 0.04 ಆಂಪಿಯರ್-ಅವರ್. 35ರ ಬ್ಯಾಟರಿಗೆ ಅದು ಏನೇನೂ ಅಲ್ಲ, ಕೆಲವೇ ನಿಮಿಷದಲ್ಲಿ ಮರಳಿ ತುಂಬುತ್ತದೆ. ತೊಂದರೆ ಬೇರೆ ಎರಡು ಕಡೆ ಇದೆ.

ಮೊದಲನೆಯದು ನಿಂತ ಗಾಡಿ. ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರಂ, ಮ್ಯೂಸಿಕ್ ಸಿಸ್ಟಮ್, ಇಂಜಿನ್ ಕಂಪ್ಯೂಟರುಗಳು ಒಂದಿಷ್ಟು ವಿದ್ಯುತ್ ಹೀರುತ್ತಲೇ ಇರುತ್ತವೆ. ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್. 50 ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್. ಹದಿನೈದು ದಿನಕ್ಕೆ 18, ಅಂದರೆ ಅರ್ಧ ಬ್ಯಾಟರಿ ಖಾಲಿ. ಆಮೇಲೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್ ಇದ್ದರೆ ಇನ್ನೂ ಬೇಗ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ತಿಂಗಳು ಕಳೆದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದಿಳಿದವರ ಕಾರು ಮನೆಯಲ್ಲಿ ಸ್ಟಾರ್ಟ್ ಆಗದಿರುವುದಕ್ಕೆ ಇದೇ ಕಾರಣ. 2020ರ ಲಾಕ್‌ಡೌನ್ ಮುಗಿದಾಗ ಊರಿಗೆ ಊರೇ ಈ ಪಾಠ ಕಲಿಯಿತು.

ಎರಡನೆಯದು ಓಡಿಯೂ ತುಂಬದ ಗಾಡಿ. ಆರ್.ಟಿ. ನಗರದಿಂದ ಮೇಖ್ರಿ ಸರ್ಕಲ್ ದಾಟಿ ಯಶವಂತಪುರಕ್ಕೆ ಹೋಗಿಬರುವುದು ದೂರದಲ್ಲಿ ಚಿಕ್ಕದು, ಹೊತ್ತಿನಲ್ಲಿ ದೊಡ್ಡದು. ಮಳೆಯ ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಸಿಕ್ಕಿಕೊಂಡ ಕಾರನ್ನು ನೆನೆಯಿರಿ. ಹೆಡ್‌ಲೈಟಿಗೆ ಹತ್ತು ಆಂಪಿಯರ್, ಏಸಿ ಮತ್ತು ಬ್ಲೋವರಿಗೆ ಹತ್ತಕ್ಕೂ ಹೆಚ್ಚು, ರೇಡಿಯೇಟರ್ ಫ್ಯಾನಿಗೆ ಇನ್ನೊಂದು ಹತ್ತು, ವೈಪರಿಗೆ ನಾಲ್ಕು. ಒಟ್ಟು 30 ದಾಟಿತು. ನಿಂತಲ್ಲೇ ಐಡಲ್‌ನಲ್ಲಿ ಓಡುವ ಇಂಜಿನ್ನಿನ ಡೈನಮೋ ಪೂರ್ತಿ ಬಲದಲ್ಲಿ ದುಡಿಯುತ್ತಿಲ್ಲ. ದುಡಿದದ್ದೆಲ್ಲ ಅಲ್ಲಲ್ಲೇ ಖರ್ಚು, ಬ್ಯಾಟರಿಗೆ ಉಳಿಯುವುದು ಅತ್ಯಲ್ಪ. ಬಾನೆಟ್ಟಿನ ಒಳಗೆ ಗಾಳಿಯಾಡದೆ ಬಿಸಿ ಬೇರೆ.

ಸಾಲದ್ದಕ್ಕೆ ಬ್ಯಾಟರಿ ತುಂಬುವ ಕ್ರಮವೇ ನಿಧಾನದ್ದು. ಮೆಜೆಸ್ಟಿಕ್ಕಿನಲ್ಲಿ ಖಾಲಿ ಬಸ್ಸಿಗೆ ಜನ ಹತ್ತುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೊದಲ ಸೀಟುಗಳು ನಿಮಿಷದಲ್ಲಿ ತುಂಬುತ್ತವೆ. ಕೊನೆಯ ಹತ್ತು ಜನ ಒಳಗೆ ಸರಿದು ಜಾಗ ಹುಡುಕಿಕೊಳ್ಳಲು ಅದರ ಎರಡರಷ್ಟು ಹೊತ್ತು ಬೇಕು. ಬ್ಯಾಟರಿಯ ನೂರರಲ್ಲಿ ಮೊದಲ 80 ಭಾಗ ಬೇಗ ತುಂಬಿದರೂ ಉಳಿದ 20ಕ್ಕೆ ಹಲವು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಎಡೆಬಿಡದೆ ಓಡುವ ಭಾಗ್ಯ ನಗರದ ಕಾರಿಗಿಲ್ಲ. ಹಾಗಾಗಿ ಅದು ತಿಂಗಳುಗಟ್ಟಲೆ 70, 80ರಲ್ಲೇ ತೊಳಲುತ್ತದೆ.

ಪ್ಲೇಟಿನ ಮೇಲೆ ಕೂತ ಸಲ್ಫೇಟ್ ಹೊಸದರಲ್ಲಿ ನುಣ್ಣಗಿನ ಹರಳು, ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ, ಆಮೇಲೆ ಸುಲಭಕ್ಕೆ ಕರಗುವುದಿಲ್ಲ. ಪ್ಲೇಟಿನ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ಗಟ್ಟಿ ಆಮ್ಲ ತಳದಲ್ಲಿ, ತೆಳು ಆಮ್ಲ ಮೇಲೆ ನಿಲ್ಲುವುದು ಇನ್ನೊಂದು ಕಾಟ. ಪೂರ್ತಿ ಚಾರ್ಜಿನ ಕೊನೆಯಲ್ಲಿ ಏಳುವ ಗುಳ್ಳೆಗಳೇ ಅದನ್ನು ಚೆನ್ನಾಗಿ ಕದಡಿ ಬೆರೆಸುತ್ತವೆ. ಆ ಕೊನೆಯ ಹಂತ ಎಂದೂ ಬರದಿದ್ದರೆ ಪ್ಲೇಟಿನ ಬುಡ ಸವೆಯುತ್ತಲೇ ಇರುತ್ತದೆ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ. ಶುಕ್ಲ ಮತ್ತು ಅವರ ಸಂಗಡಿಗರು ಸೀಸದ ಜೊತೆ ಇಂಗಾಲದ ಎಲೆಕ್ಟ್ರೋಡ್ ಬಳಸುವ ಸಾಧನಗಳ ಮೇಲೆ ದುಡಿದಿದ್ದಾರೆ. ನೆಗೆಟಿವ್ ಕಡೆಗೆ ಇಂಗಾಲ ಬಂದರೆ ಅಲ್ಲಿ ಸಲ್ಫೇಟ್ ಗಟ್ಟಿಯಾಗುವ ಈ ಕಾಟ ತಗ್ಗುತ್ತದೆ. ಅಂಗಡಿಯ ಬೆಂಚಿನ ಮೇಲೆ ಕಾಣುವ ಕಷ್ಟವೂ ಪ್ರಯೋಗಾಲಯದ ಪ್ರಶ್ನೆಯೂ ಒಂದೇ.

ಬೆಂಚಿನ ಮೇಲಿನ ಮದ್ದು ನಿಧಾನದ ಚಾರ್ಜ್. 35ರ ಬ್ಯಾಟರಿಗೆ ಮೂರು, ಮೂರೂವರೆ ಆಂಪಿಯರಿನಲ್ಲಿ ರಾತ್ರಿಯಿಡೀ. ಅವಸರಕ್ಕೆ ಹೆಚ್ಚು ಆಂಪಿಯರ್ ಕೊಟ್ಟರೆ ಪ್ಲೇಟು ಬಿಸಿಯಾಗಿ ಬಾಗುತ್ತದೆ. ಅನುಭವಿಯಾದವನು ಗಂಟೆಗೊಮ್ಮೆ ಪೆಟ್ಟಿಗೆ ಮುಟ್ಟಿ ನೋಡುತ್ತಾನೆ, ಗುಳ್ಳೆ ಆರೂ ಸೆಲ್‌ಗಳಲ್ಲಿ ಸಮನಾಗಿ ಏಳುತ್ತಿದೆಯೇ ಗಮನಿಸುತ್ತಾನೆ, ಆಮ್ಲದ ಅಂಕಿ ಎರಡು ಮೂರು ಗಂಟೆ ಬದಲಾಗದೆ ನಿಂತರೆ ತುಂಬಿತು ಎನ್ನುತ್ತಾನೆ. ಕಿಟಕಿ ತೆರೆದಿರುತ್ತದೆ, ಬೀಡಿಗೆ ಅಲ್ಲಿ ಜಾಗವಿಲ್ಲ. ಏಳುವ ಗುಳ್ಳೆ ಹೈಡ್ರೋಜನ್, ಒಂದು ಕಿಡಿಗೆ ಸಿಡಿಯುವಂಥದ್ದು.

ಈ ಕೈಗಳ ಹಿಂದೆ ಇನ್ನೂ ಹಳೆಯ ವಿದ್ಯೆಯೊಂದಿದೆ. ಕಪ್ಪು ಗಟ್ಟಿ ರಬ್ಬರಿನ ಪೆಟ್ಟಿಗೆಯ ಬ್ಯಾಟರಿಗಳಿದ್ದ ಕಾಲದಲ್ಲಿ ಲಾರಿ ಬ್ಯಾಟರಿಗಳನ್ನು ಬಿಚ್ಚಿ ಕಟ್ಟುತ್ತಿದ್ದರು. ಮೇಲಿನ ಡಾಂಬರು ಕಾಯಿಸಿ ತೆಗೆದು, ಕೆಟ್ಟ ಸೆಲ್ ಹೊರಗೆಳೆದು, ಪ್ಲೇಟುಗಳ ನಡುವಿನ ಸಪರೇಟರ್ ಬದಲಿಸಿ, ಹೊಸ ಪ್ಲೇಟು ಕೂರಿಸಿ, ಬೆಂಕಿಯ ಮೊನೆಯಲ್ಲಿ ಸೀಸ ಕರಗಿಸಿ ಬೆಸೆದು, ಮತ್ತೆ ಡಾಂಬರು ಸುರಿದು ಮುಚ್ಚುತ್ತಿದ್ದರು. ಸೀಸ ಕರಗಿ ಹರಿದುಹೋಗುವ ಮೊದಲು ಬೆಸುಗೆ ಹಿಡಿಸುವುದು ಕ್ಷಣದ ಲೆಕ್ಕ. ಆ ಹೊಗೆ ಕೆಲಸಗಾರನ ರಕ್ತಕ್ಕೆ ಸೇರುತ್ತಿತ್ತು ಎಂಬುದನ್ನೂ ಮರೆಯಬಾರದು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಕಾಯಿಸಿ ಅಂಟಿಸಿರುತ್ತಾರೆ, ಬಿಚ್ಚುವಂತಿಲ್ಲ. ಕೆಡದಂತೆ ಕಾಯುವುದೇ ಉಳಿದ ವಿದ್ಯೆ.

ಇಡೀ ಕಾರೇ ಸೀಸದ ಬ್ಯಾಟರಿಯ ಮೇಲೆ ಓಡಿದ ಕಥೆಯೂ ಬೆಂಗಳೂರಿನದೇ. ಚೇತನ್ ಮೈನಿ ಅವರ ರೇವಾ 2001ರಲ್ಲಿ ಊರಿನ ಇನ್ನೊಂದು ತುದಿಯ ಬೊಮ್ಮಸಂದ್ರದಿಂದ ರಸ್ತೆಗೆ ಬಂತು. ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ ಎಂಟು ಬ್ಯಾಟರಿ, ಒಟ್ಟು 48 ವೋಲ್ಟ್, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಲಂಡನ್ನಿನಲ್ಲಿ ಅದು ಜಿ-ವಿಜ್ ಹೆಸರಿನಲ್ಲಿ ಓಡಾಡಿತು. ಸ್ಟಾರ್ಟಿಂಗ್ ಬ್ಯಾಟರಿಯ ಪ್ಲೇಟು ತೆಳು, ಒಮ್ಮೆಲೇ ಹೆಚ್ಚು ಕೊಡಲು ತಕ್ಕದ್ದು, ಪೂರ್ತಿ ಖಾಲಿ ಮಾಡಿದರೆ ತಾಳದು. ರೇವಾದಂಥ ಗಾಡಿಗೆ ಬೇಕಾದದ್ದು ದಿನವೂ ಬರಿದಾಗಿ ತುಂಬಿಕೊಳ್ಳುವ ದಪ್ಪ ಪ್ಲೇಟು. ಆ ಕಾರನ್ನು ಪ್ರೀತಿಯಿಂದ ಸಾಕಿದವರು ಕಲಿತದ್ದು ಮೂರು ಶಿಸ್ತು: ತಳ ಮುಟ್ಟುವವರೆಗೆ ಓಡಿಸಬಾರದು, ರಾತ್ರಿ ಪೂರ್ತಿ ತುಂಬಿಸಬೇಕು, ನೀರು ಆರಲು ಬಿಡಬಾರದು.

2010ರಲ್ಲಿ ರೇವಾ ಕಂಪನಿಯ ಬಹುಪಾಲು ಷೇರುಗಳನ್ನು ಮಹೀಂದ್ರ ಕೊಂಡಿತು. 2013ರಲ್ಲಿ ಬಂದ ಇ2ಓ ಕಾರು ಲಿಥಿಯಂ ಬ್ಯಾಟರಿಯ ಮೇಲೆ ಓಡಿತು. ಲಿಥಿಯಂನ ಸ್ವಭಾವ ಸೀಸಕ್ಕೆ ತೀರ ಬೇರೆ. ಅದಕ್ಕೆ ಸದಾ ಪೂರ್ತಿ ತುಂಬಿರುವುದೇ ಶ್ರಮ. ಸಾಮಾನ್ಯವಾಗಿ 20ರಿಂದ 80ರ ನಡುವೆ ಇದ್ದರೆ ಹಿತ. ಆದರೂ ಇಂದಿನ ಹೆಚ್ಚಿನ ವಿದ್ಯುತ್ ಕಾರುಗಳಲ್ಲಿ ದೀಪ, ಬಾಗಿಲು, ಕಂಪ್ಯೂಟರುಗಳಿಗೆಂದು 12 ವೋಲ್ಟಿನ ಚಿಕ್ಕ ಬ್ಯಾಟರಿ ಇದ್ದೇ ಇರುತ್ತದೆ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ.

ಈ ವಿದ್ಯೆಯಿಂದ ಮನೆಯವರು ಕಲಿಯಬೇಕಾದದ್ದು ಕಷ್ಟದ್ದಲ್ಲ. ವಾರಕ್ಕೊಮ್ಮೆಯಾದರೂ ಗಾಡಿಗೆ ಉದ್ದ ಓಟ ಕೊಡಿ. ಭಾನುವಾರ ಬೆಳಗಿನ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯವರೆಗೆ ಹೋಗಿಬಂದರೆ ವಾರದ ಹತ್ತು ಚಿಕ್ಕ ಓಡಾಟಕ್ಕಿಂತ ಹೆಚ್ಚು ತುಂಬುತ್ತದೆ. ನಿಂತಲ್ಲೇ ಹತ್ತು ನಿಮಿಷ ಇಂಜಿನ್ ಓಡಿಸಿದರೆ ಪೆಟ್ರೋಲ್ ಸುಡುತ್ತದೆಯೇ ಹೊರತು ಬ್ಯಾಟರಿ ತುಂಬುವುದಿಲ್ಲ. ಉದ್ದ ಓಟ ಆಗದವರು ತಿಂಗಳಿಗೊಮ್ಮೆ ಚಿಕ್ಕ ಚಾರ್ಜರಿನಲ್ಲಿ ರಾತ್ರಿಯಿಡೀ ಇಡಲಿ. ಮೂರು ವಾರಕ್ಕೂ ಹೆಚ್ಚು ಊರಲ್ಲಿರುವುದಿಲ್ಲ ಎಂದಾದರೆ ನೆಗೆಟಿವ್ ತಂತಿ ಕಳಚಿಟ್ಟು ಹೊರಡಿ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ.

ನೀರು ಹಾಕುವ ಬ್ಯಾಟರಿಯಾದರೆ ಎರಡು ತಿಂಗಳಿಗೊಮ್ಮೆ ಮಟ್ಟ ನೋಡಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ಉತ್ತರ ಬೆಂಗಳೂರಿನ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಗಡಸುತನ ಬಕೆಟ್ಟಿನ ಅಂಚಿನ ಬಿಳಿ ಕಲೆಯಲ್ಲೇ ಕಾಣುತ್ತದೆ. ಆ ಲವಣಗಳು ಸೆಲ್ ಒಳಗೆ ಸೇರಿದರೆ ಬ್ಯಾಟರಿ ತನ್ನಷ್ಟಕ್ಕೇ ಇಳಿಯತೊಡಗುತ್ತದೆ. ಆರ್‌ಒ ಫಿಲ್ಟರಿನ ನೀರಿನಲ್ಲೂ ಲವಣ ಉಳಿದಿರುತ್ತದೆ, ಏಸಿಯಿಂದ ತೊಟ್ಟಿಕ್ಕಿದ್ದರಲ್ಲಿ ಲೋಹದ ಅಂಶವೂ ಧೂಳೂ ಇರುತ್ತವೆ. ಆಮ್ಲವನ್ನಂತೂ ಎಂದೂ ಸೇರಿಸಬಾರದು; ಆರುವುದು ನೀರು ಮಾತ್ರ. ಟರ್ಮಿನಲ್ಲಿನ ಪುಡಿಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸಾಕು, ಸೆಲ್‌ಗಳ ಮುಚ್ಚಳ ಭದ್ರವಾಗಿರಲಿ. ಒಣಗಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಹೊತ್ತುವ ಇಂಜಿನ್ನಿನ ಕಾರಾದರೆ ಅದಕ್ಕೆಂದೇ ಮಾಡಿದ ಬ್ಯಾಟರಿಯನ್ನೇ ಹಾಕಿಸಿ.

ಕೊನೆಗೂ ಅದು ಮುಗಿದಾಗ ಗುಜರಿಯವನಿಗೆ ಕೊಡಬೇಡಿ. 2001ರ ನಿಯಮಗಳಿಂದಲೇ ಹಳೆ ಬ್ಯಾಟರಿಯನ್ನು ಮಾರಾಟಗಾರರು ವಾಪಸು ಪಡೆಯುವ ವ್ಯವಸ್ಥೆಯಿದೆ. 2022ರ ಹೊಸ ನಿಯಮಗಳು ತಯಾರಕರ ಹೊಣೆಯನ್ನು ಇನ್ನೂ ಬಿಗಿಗೊಳಿಸಿವೆ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಒಳಗಿನ ಸೀಸ ಬಹುಪಾಲು ಮತ್ತೆ ಪ್ಲೇಟಾಗುವಂಥದ್ದು. ಚರಂಡಿಗೆ ಚೆಲ್ಲಿದರೆ ಅದೇ ವಿಷ ಹೆಬ್ಬಾಳ, ಯಲಹಂಕದ ಕೆರೆಗಳನ್ನು ಸೇರುತ್ತದೆ.

ಗಾಡಿ ಏಳದ ಬೆಳಗ್ಗೆ ಹೊಸ ಬ್ಯಾಟರಿಯ ಬೆಲೆ ಕೇಳುವ ಮೊದಲು ಆರು ಸೆಲ್‌ಗಳ ಅಂಕಿ ಕೇಳಿ. ಅಳೆದು, ಬರೆದು, ಓದಿ ಹೇಳುವವನು ಸಿಕ್ಕಿದರೆ ಅವನ ಅಂಗಡಿಯನ್ನು ನೆನಪಿಟ್ಟುಕೊಳ್ಳಿ, ಅವನ ದುಡಿಮೆಗೆ ತಕ್ಕ ಹಣ ಕೊಡಿ. “ಇದಕ್ಕೆ ಚಾರ್ಜ್ ಸಾಕು ಸಾರ್, ಹೊಸದು ಬೇಡ” ಎಂದು ಹೇಳುವವನು ಆ ದಿನ ತನ್ನದೊಂದು ವ್ಯಾಪಾರ ಬಿಟ್ಟುಕೊಟ್ಟಿರುತ್ತಾನೆ. ಆ ಪ್ರಾಮಾಣಿಕತೆಗೆ ಗಿರಾಕಿಗಳು ಸಿಗುವಷ್ಟು ಕಾಲವೂ ಈ ವಿದ್ಯೆ ಉಳಿಯುತ್ತದೆ.